ತಿಳಿಸಾರಿನ ಹಿಂದಿನ ಕೈಗಳು

ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಮನೆಮಂದಿಯೆಲ್ಲ ಹೇಳುತ್ತಾರೆ. ಹದವಾಗಿದ್ದರೆ ಯಾರೂ ಮಾತಾಡುವುದಿಲ್ಲ. ಅಡುಗೆ ಮಾಡಿದವರ ಪಾಡೂ ಹಾಗೆಯೇ. ಜಪಾನಿನ ಶಿಯೊ ರಾಮೆನ್ನಿನ ಚರಿತ್ರೆ ತಿಳಿಯುತ್ತಾ ಹೋದಂತೆ ನನಗೆ ಇದೇ ಮಾತು ಕಾಡಿತು.

ಶಿಯೊ ಎಂದರೆ ಉಪ್ಪು. ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಬಡಿಸುವ ಗೋಧಿ ಶ್ಯಾವಿಗೆ. ಸೋಯಾ ಸಾಸಿನದು, ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯದು ಎಂದು ಅದರಲ್ಲಿ ಹಲವು ಬಗೆ. ಬರೀ ಉಪ್ಪಿನದಕ್ಕೆ ಹೆಸರಾದದ್ದು ಉತ್ತರದ ಹೊಕ್ಕೈಡೊ ದ್ವೀಪದ ಹಕೊದಾತೆ ಬಂದರು.

ಆ ಊರಿನ ಕೇರಿಯೊಂದರ ಪುಟ್ಟ ಅಂಗಡಿಯಲ್ಲಿ ನಾನದನ್ನು ಉಂಡೆ. ಮಧ್ಯಾಹ್ನ ಮೀರಿತ್ತು, ನನ್ನನ್ನು ಬಿಟ್ಟರೆ ಪತ್ರಿಕೆ ಓದುತ್ತಿದ್ದ ಒಬ್ಬ ಅಜ್ಜ ಮಾತ್ರ. ಅಂಗಡಿಯಾಕೆ ಬಟ್ಟಲಿಗೆ ಮೊದಲು ಉಪ್ಪಿನ ರಸ ಹಾಕಿ, ಹಂದಿ ಮತ್ತು ಕೋಳಿಯ ಮೂಳೆ ಬೇಯಿಸಿದ ತಿಳಿಸಾರು ಸುರಿದಳು. ಶ್ಯಾವಿಗೆಗೆ ಹಳದಿ ಛಾಯೆಯನ್ನೂ ಬಿಗಿಯನ್ನೂ ಕೊಡುವುದು ಒಂದು ಕ್ಷಾರ, ನಮ್ಮ ಹಪ್ಪಳಖಾರದ ಜಾತಿಯದು. ಮೇಲೆ ಮಾಂಸದ ಬಿಲ್ಲೆ, ಈರುಳ್ಳಿಸೊಪ್ಪು, ನಮ್ಮ ಮಲೆನಾಡಿನವರು ಮೆಚ್ಚುವ ಕಳಲೆ. ಮೊದಲ ಗುಟುಕು ಸಪ್ಪೆ ಎನಿಸಿತು. ಮೂರನೆಯದಕ್ಕೆ ಸಾರಿನ ನಿಜವಾದ ರುಚಿ ನಾಲಿಗೆಗೆ ಹತ್ತಿತು. ಸಾರು ಕೆಟ್ಟಿದ್ದರೆ ಮುಚ್ಚಿಡಲು ಇಲ್ಲಿ ಮಸಾಲೆಯಿಲ್ಲ.

ಹಕೊದಾತೆ ಹೊರದೇಶಗಳ ವ್ಯಾಪಾರಕ್ಕೆ ತೆರೆದದ್ದು 1859ರಲ್ಲಿ. ಒಣಗಿಸಿದ ಕಡಲಪಾಚಿ ಕೊಳ್ಳಲು ಚೀನೀ ವರ್ತಕರು ಬಂದರು. ಅವರ ಬೆನ್ನಿಗೆ ಅವರ ಅಡುಗೆಯೂ ಬಂತು. 1884ರಲ್ಲಿ ಯೊವಾಕೆನ್ ಎಂಬ ಊಟದ ಮನೆ ಸ್ಥಳೀಯ ಪತ್ರಿಕೆಯಲ್ಲಿ 'ನಾನ್‌ಕಿನ್ ಸೊಬ'ದ ಜಾಹೀರಾತು ಕೊಟ್ಟಿತು; ಬೆಲೆ 15 ಸೆನ್. ಅದು ಇಂದಿನ ರಾಮೆನ್ನೇ ಹೌದೇ ಎಂಬ ಚರ್ಚೆ ಮುಗಿದಿಲ್ಲ. ಹೆಸರಿನಲ್ಲಂತೂ ಚೀನಾದ ನಾನ್‌ಜಿಂಗ್ ನಗರವಿದೆ. 1910ರಲ್ಲಿ ಟೋಕಿಯೊದ ಅಸಾಕುಸದಲ್ಲಿ ಒಜಾಕಿ ಕಾನ್‌ಇಚಿ 'ರಾಯ್‌ರಾಯ್‌ಕೆನ್' ತೆರೆದ. ಮಾಲೀಕನ ಹೆಸರು ಚರಿತ್ರೆಯಲ್ಲಿ ನಿಂತಿತು. ಅಲ್ಲಿ ಒಲೆಯ ಮುಂದೆ ಬೆಂದವರನ್ನು 'ಯೊಕೊಹಾಮಾದ ಚೀನೀ ಅಡುಗೆಯವರು' ಎಂದಷ್ಟೇ ಹೇಳುವ ರೂಢಿ.

1945ರ ಸೋಲಿನ ನಂತರ ಜಪಾನಿನಲ್ಲಿ ಅಕ್ಕಿಗೆ ಬರ ಬಂತು. ಅಮೆರಿಕದ ಗೋಧಿಹಿಟ್ಟಿನಿಂದ ಹೊಸೆದ ಈ ಶ್ಯಾವಿಗೆ ತಳ್ಳುಗಾಡಿಗಳಲ್ಲಿ ಹಸಿದವರನ್ನು ಸಾಕಿತು. ಆಗ ಅದರ ಹೆಸರು 'ಚೂಕ ಸೊಬ', ಅಂದರೆ ಚೀನೀ ಶ್ಯಾವಿಗೆ. 1958ರಲ್ಲಿ ತೈವಾನ್ ಸಂಜಾತ ಅಂದೊ ಮೊಮೊಫುಕು ಬಿಸಿನೀರಿನಲ್ಲಿ ಅರಳುವ 'ಚಿಕಿನ್ ರಾಮೆನ್' ತಂದ ಮೇಲೆ ರಾಮೆನ್ ಎಂಬ ಮಾತೇ ಮನೆಮಾತಾಯಿತು. ಚೀನಾ ಹೆಸರಿನಿಂದ ಜಾರಿಹೋಯಿತು. ತಿನಿಸು ಅಪ್ಪಟ ಜಪಾನಿನದಾಯಿತು.

ದೂರದ ಊರಿನ ಕತೆ ಎನ್ನಬೇಡಿ. ಸೊಸೆ ತವರಿನಿಂದ ತಂದ ಗೊಜ್ಜು ಎರಡು ತಲೆಮಾರಿನಲ್ಲಿ 'ನಮ್ಮ ಮನೆತನದ ಗೊಜ್ಜು' ಆಗುತ್ತದೆ. ಮನೆತನದ ಹೆಸರು ಉಳಿಯುತ್ತದೆ, ತಂದವಳದು ಅಳಿಯುತ್ತದೆ. ನಿಮ್ಮ ಅಡುಗೆಯ ಟಿಪ್ಪಣಿ ಪುಸ್ತಕದಲ್ಲಿ ಅಳತೆಯ ಪಕ್ಕ ಒಂದು ಸಾಲು ಖಾಲಿ ಬಿಡಿ. ಅದು ಯಾರ ಕೈಯಿಂದ ಬಂತು ಎಂದು ಅಲ್ಲಿ ಬರೆಯಿರಿ.