ಕರಗುವ ನೆಲದ ಇಂಗಾಲ ಮತ್ತು ವಾಯುಮಂಡಲ: ಅಳತೆಯ ವಿಧಾನಗಳ ವಿಮರ್ಶೆ

1. ವಿಷಯಪ್ರವೇಶ

ಎರಡು ವರ್ಷಗಳಿಗೆ ಕಡಮೆಯಿಲ್ಲದಂತೆ ಸತತವಾಗಿ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ಉಷ್ಣತೆಯಲ್ಲಿ ಉಳಿದಿರುವ ನೆಲವನ್ನು ಭೂವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎಂದು ಕರೆಯುತ್ತಾರೆ. ಸೈಬೀರಿಯ, ಅಲಾಸ್ಕ, ಉತ್ತರ ಕೆನಡ ಮೊದಲಾದ ಪ್ರದೇಶಗಳಲ್ಲಿ ಹರಡಿಕೊಂಡು, ಕೆಲವೆಡೆ ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿರುವ ಈ ನೆಲದಲ್ಲಿ, ಸಹಸ್ರಾರು ವರ್ಷಗಳಿಂದ ಬೆಳೆದು ಮಡಿದ ಹುಲ್ಲು, ಪಾಚಿ, ಬೇರು, ಪ್ರಾಣಿಶೇಷಗಳು ಪೂರ್ಣವಾಗಿ ಕೊಳೆಯುವುದಕ್ಕೆ ಮುನ್ನವೇ ಹೆಪ್ಪುಗಟ್ಟಿ ಸಂಚಿತವಾಗಿವೆ. ಶೈತ್ಯವು ಸೂಕ್ಷ್ಮಜೀವಿಗಳ ವ್ಯಾಪಾರವನ್ನು ತಡೆದಿದ್ದುದರಿಂದಲೇ ಈ ಸಂಚಯ ಸಾಧ್ಯವಾಯಿತು. ಆ ಶೈತ್ಯವು ತೊಲಗಿತೆಂದರೆ ಅವುಗಳ ವ್ಯಾಪಾರ ಪುನಃ ಆರಂಭವಾಗಿ, ಗಾಳಿಯಾಡುವ ಕಡೆ ಇಂಗಾಲದ ಡೈಆಕ್ಸೈಡೂ ನೀರು ನಿಂತು ಆಮ್ಲಜನಕವಿಲ್ಲದ ಕಡೆ ಅದರ ಜೊತೆಗೆ ಮೀಥೇನೂ ಉತ್ಪನ್ನವಾಗಿ, ಮೇಲಣ ವಾಯುಮಂಡಲವನ್ನು ಸೇರುತ್ತವೆ. ಹಾಗೆ ಸೇರಿದ ಅನಿಲಗಳು ಭೂಮಿಯ ಉಷ್ಣತೆಯನ್ನು ಇನ್ನಷ್ಟು ಏರಿಸಿ, ಇನ್ನಷ್ಟು ನೆಲ ಕರಗುವುದಕ್ಕೆ ಕಾರಣವಾಗುತ್ತವೆ.

ಈ ಕಾರ್ಯಕಾರಣ ಸರಣಿಯ ತತ್ತ್ವದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಠಿನವಾದದ್ದು ಅದರ ಪರಿಮಾಣದ ನಿರ್ಣಯ. ನೆಲದಲ್ಲಿರುವ ಇಂಗಾಲವೆಷ್ಟು, ಅದರಲ್ಲಿ ಹೊರಬೀಳುತ್ತಿರುವುದೆಷ್ಟು, ಹೊರಬಿದ್ದದ್ದು ಎಂದಿನದು ಎಂಬ ಮೂರು ಪ್ರಶ್ನೆಗಳಿಗೂ ಒಂದೇ ಉಪಕರಣ ಉತ್ತರ ಹೇಳಲಾರದು. ನೆಲದ ಅಳತೆ, ಗಾಳಿಯ ಅಳತೆ, ವಯಸ್ಸಿನ ಅಳತೆ ಈ ಮೂರನ್ನೂ ದೀರ್ಘಕಾಲ ಒಂದರೊಡನೊಂದನ್ನು ತಾಳೆನೋಡುತ್ತ ನಡೆಸಿದಲ್ಲದೆ ಯಾವುದೊಂದರ ಸಾಕ್ಷ್ಯವೂ ಸಮರ್ಪಕವಾಗದೆಂಬುದು, ಮತ್ತು ಅವು ತಮ್ಮತಮ್ಮೊಳಗೆ ಭಿನ್ನವಾಗಿ ನುಡಿದಾಗಲೇ ನಮ್ಮ ಜ್ಞಾನವು ಮುಂದುವರಿದಿದೆಯೆಂಬುದು ಈ ಲೇಖನದ ಪ್ರತಿಪಾದ್ಯ.

2. ನೆಲದಲ್ಲಿರುವ ಸಂಚಯ

ನೆಲದ ಇಂಗಾಲವನ್ನು ಗಣಿಸುವ ಸೂತ್ರ ನೋಡಲು ಸರಳ. ಮಣ್ಣಿನ ಒಂದು ಪದರದ ದಪ್ಪವನ್ನು ಅದರ ಒಣತೂಕದ ಸಾಂದ್ರತೆಯಿಂದಲೂ, ಅದರಲ್ಲಿನ ಇಂಗಾಲದ ಅಂಶದಿಂದಲೂ ಗುಣಿಸಿ, ಕಲ್ಲು ಮತ್ತು ಮಂಜುಗಡ್ಡೆ ಆಕ್ರಮಿಸಿರುವ ಭಾಗವನ್ನು ಕಳೆದರೆ ಆ ಪದರದ ಲೆಕ್ಕ ದೊರೆಯುತ್ತದೆ. ಪ್ರಯೋಗದಲ್ಲಿ ಮಾತ್ರ ಒಂದೊಂದು ಪದವೂ ತೊಡಕಿನದು. ಟೊಳ್ಳಾದ ಉಕ್ಕಿನ ಕೊಳವೆಯನ್ನು ತಿರುಗಿಸುತ್ತ ನೆಲಕ್ಕೆ ಇಳಿಸಿ ತೆಗೆದ ಮಣ್ಣಿನ ದಿಂಡನ್ನು, ಕರಗಗೊಡದೆ ಪ್ರಯೋಗಶಾಲೆಗೆ ತಂದು, ಗರಗಸದಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ದು, ತೂಗಿ, ಒಣಗಿಸಿ, ಪುನಃ ತೂಗಿ, ಪುಡಿಮಾಡಿ, ಅದರ ಅತ್ಯಲ್ಪ ಭಾಗವನ್ನು ಆಮ್ಲಜನಕದಲ್ಲಿ ಸುಟ್ಟು ಹೊರಟ ಅನಿಲವನ್ನು ಅಳೆಯುತ್ತಾರೆ. ಕಪ್ಪಾದ ಸಸ್ಯಶೇಷದ ಪಟ್ಟಿಯೊಂದರ ಕೆಳಗೆ ಬೂದುಬಣ್ಣದ ನುಣುಪು ಮಣ್ಣು, ಅದರೊಳಗೆ ಕೂದಲೆಳೆಯಷ್ಟು ತೆಳುವಾದ ಮಂಜಿನ ಗೆರೆಗಳು, ಅದರ ಕೆಳಗೆ ಮಣ್ಣೇ ಇಲ್ಲವೆನ್ನುವಷ್ಟು ಶುದ್ಧವಾದ ಗಡ್ಡೆ: ಹೀಗೆ ಗೇಣುಗೇಣಿಗೂ ಬದಲಾಗುವ ದಿಂಡಿನಲ್ಲಿ ಎಲ್ಲಿ ಕೊಯ್ಯಬೇಕೆಂಬ ನಿರ್ಣಯವೇ ಫಲಿತಾಂಶವನ್ನು ವ್ಯತ್ಯಸ್ತಗೊಳಿಸಬಲ್ಲದು.

ಇಂಥ ಅಳತೆಗಳನ್ನು ಕ್ರೋಡೀಕರಿಸಿ 2009ರಲ್ಲಿ ಪ್ರಕಟವಾದ ಗಣನೆಯಲ್ಲಿ ಉತ್ತರದ ಈ ಪ್ರದೇಶದ ನೆಲದ ಇಂಗಾಲವು 1,672 ಶತಕೋಟಿ ಟನ್ನುಗಳೆಂದು ಅಂದಾಜಾಗಿತ್ತು. ಹೆಚ್ಚಿನ ಮಾದರಿಗಳನ್ನು ಆಧರಿಸಿದ 2014ರ ಗಣನೆ ಅದನ್ನು ಸುಮಾರು 1,300 ಶತಕೋಟಿ ಟನ್ನುಗಳಿಗೆ ಇಳಿಸಿತಲ್ಲದೆ, ಇವುಗಳಲ್ಲಿ ಸುಮಾರು 800 ಶತಕೋಟಿ ಮಾತ್ರವೇ ವರ್ಷಾವಧಿ ಹೆಪ್ಪುಗಟ್ಟಿರತಕ್ಕದ್ದು, ಉಳಿದದ್ದು ಬೇಸಗೆಯಲ್ಲಿ ಕರಗುವ ಮೇಲ್ಪದರಕ್ಕೋ ಹೆಪ್ಪುಗಟ್ಟದ ನೆಲಕ್ಕೋ ಸೇರಿದ್ದು ಎಂದು ವಿಂಗಡಿಸಿತು. ಮೇಲಣ ಮೂರು ಮೀಟರುಗಳಲ್ಲಿಯೇ 1,035 ಶತಕೋಟಿ ಟನ್ನುಗಳಿವೆಯೆಂದೂ, ಈ ಅಂಕೆ 150ರಷ್ಟು ಹೆಚ್ಚುಕಡಮೆಯಾಗಬಹುದೆಂದೂ ಅದು ಹೇಳಿತು. ವಾಯುಮಂಡಲದಲ್ಲಿ ದಶಲಕ್ಷಕ್ಕೆ ಒಂದು ಭಾಗದಷ್ಟು ಇಂಗಾಲದ ಡೈಆಕ್ಸೈಡ್ ಎಂದರೆ ಸುಮಾರು 2.12 ಶತಕೋಟಿ ಟನ್ ಇಂಗಾಲ. ಆ ಪ್ರಮಾಣದಲ್ಲಿ ಇಂದಿನ ಸುಮಾರು 420 ಭಾಗಗಳಲ್ಲಿ ಅಡಗಿರುವುದು ಸುಮಾರು 890 ಶತಕೋಟಿ ಟನ್. ಹೊಸ ಗಣನೆಯ ಮೊತ್ತ ಹಳೆಯದಕ್ಕಿಂತ ಕಡಮೆಯಾದರೂ, ಈ ನೆಲದಲ್ಲಿರುವ ಇಂಗಾಲ ಗಾಳಿಯಲ್ಲಿರುವುದನ್ನು ಗಣನೀಯವಾಗಿ ಮೀರಿದ್ದೆಂಬ ಮಾತು ಸ್ಥಿರವಾಗಿ ನಿಂತಿದೆ.

ಸಂಚಯವನ್ನು ಒಮ್ಮೆ ಅಳೆಯುವುದಕ್ಕಿಂತ ಅದರ ಕ್ಷಯವನ್ನು ಅಳೆಯುವುದು ಮತ್ತೂ ಕಷ್ಟ. ಒಳಗಿನ ಮಂಜು ಕರಗಿದ ನೆಲ ಕುಸಿಯುತ್ತದೆ. ಕುಸಿದ ಮೇಲೆ ಮೇಲ್ಮೈಯಿಂದ ಐವತ್ತು ಸೆಂಟಿಮೀಟರ್ ಕೆಳಗೆ ಸಿಕ್ಕುವ ಮಣ್ಣು ಹಿಂದೆ ಅದೇ ಆಳದಲ್ಲಿದ್ದ ಮಣ್ಣಲ್ಲ. ಆದುದರಿಂದ ಆಳವನ್ನೇ ಪ್ರಮಾಣವಾಗಿಟ್ಟುಕೊಂಡು ಎರಡು ಕಾಲಗಳ ದಿಂಡುಗಳನ್ನು ಹೋಲಿಸಿದವನಿಗೆ, ಇಂಗಾಲ ನಷ್ಟವಾಗಿದ್ದರೂ ಏನೂ ನಷ್ಟವಾಗಿಲ್ಲವೆಂಬ ಭ್ರಾಂತಿ ಉಂಟಾಗಬಹುದು. ಅಲಾಸ್ಕದ ಹೀಲಿ ಎಂಬ ಊರಿನ ಸಮೀಪದ ಟಂಡ್ರಾದಲ್ಲಿ ಐದು ವರ್ಷಗಳ ಅಂತರದ ದಿಂಡುಗಳನ್ನು ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದ ಸಂಶೋಧಕರು ಈ ತೊಡಕನ್ನು ಬಿಡಿಸಿದ ಬಗೆ ಶ್ಲಾಘ್ಯವಾದದ್ದು. ಮಣ್ಣನ್ನು ಸುಟ್ಟಾಗ ಉಳಿಯುವ ಬೂದಿ, ಎಂದರೆ ಖನಿಜಾಂಶ, ಕೊಳೆತು ಅನಿಲವಾಗಿ ಹೋಗತಕ್ಕದ್ದಲ್ಲ. ಆಳಕ್ಕೆ ಪ್ರತಿಯಾಗಿ ಅವರು ಈ ಬೂದಿಯ ತೂಕವನ್ನೇ ಪ್ರಮಾಣವಾಗಿ ಹಿಡಿದು, ಸಮಾನ ಬೂದಿಯುಳ್ಳ ಮಣ್ಣನ್ನು ಸಮಾನ ಬೂದಿಯುಳ್ಳ ಮಣ್ಣಿನೊಡನೆ ಹೋಲಿಸಿದರು. ಆಗ ವರ್ಷಕ್ಕೆ ಶೇಕಡಾ ಐದರ ಆಸುಪಾಸಿನ ನಷ್ಟ ಬೆಳಕಿಗೆ ಬಂತು. ಮಾಪನಕ್ಕೆ ಆಧಾರವಾದ ಸ್ಥಿರಬಿಂದು ನಿಜವಾಗಿ ಸ್ಥಿರವೇ ಎಂಬ ಪ್ರಶ್ನೆ ಎಷ್ಟು ಮಹತ್ತ್ವದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

3. ನೆಲದಿಂದ ಗಾಳಿಗೆ

ನೆಲದಿಂದ ಹೊರಡುವ ಅನಿಲವನ್ನು ಅಲ್ಲಿಯೇ ಹಿಡಿದು ಅಳೆಯುವ ವಿಧಾನಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದರಲ್ಲಿ ಪಾರದರ್ಶಕವಾದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಬೋರಲಾಗಿ ಕೂರಿಸಿ, ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನಿಮಿಷನಿಮಿಷಕ್ಕೆ ಏರುವುದನ್ನೋ ಇಳಿಯುವುದನ್ನೋ ಗುರುತಿಸುತ್ತಾರೆ. ಬಳಿಕ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಬೆಳಕನ್ನು ಮರೆಮಾಡಿದರೆ, ಸಸ್ಯಗಳ ದ್ಯುತಿಸಂಶ್ಲೇಷಣೆ ನಿಂತು, ಅವುಗಳ ಮತ್ತು ಮಣ್ಣಿನ ಉಸಿರಾಟ ಮಾತ್ರ ಅಳತೆಗೆ ಸಿಕ್ಕುತ್ತದೆ. ಈ ವಿಧಾನ ಒಂದು ಮೀಟರಿಗೂ ಕಿರಿದಾದ ನೆಲದ ಚರಿತ್ರೆಯನ್ನು ವಿಶದವಾಗಿ ಹೇಳುತ್ತದೆ. ಆಚೆಯ ಹಳ್ಳದ ವಿಷಯದಲ್ಲಿ ಏನನ್ನೂ ಹೇಳದು.

ಎರಡನೆಯ ವಿಧಾನದಲ್ಲಿ ಗೋಪುರವೊಂದರ ತುದಿಯಲ್ಲಿ ಗಾಳಿಯ ಸುಳಿಗಳ ಊರ್ಧ್ವಾಧೋಗತಿಯನ್ನು ಶಬ್ದತರಂಗಗಳ ನೆರವಿನಿಂದಲೂ, ಅವು ಹೊತ್ತ ಅನಿಲವನ್ನು ಅವಕೆಂಪು ಕಿರಣಗಳ ನೆರವಿನಿಂದಲೂ, ಸೆಕೆಂಡಿಗೆ ಹತ್ತು ಅಥವಾ ಅದಕ್ಕೂ ಹೆಚ್ಚು ಬಾರಿ ಅಳೆಯಲಾಗುತ್ತದೆ. ಮೇಲೇರುವ ಸುಳಿಗಳಲ್ಲಿ ಅನಿಲ ಹೆಚ್ಚಾಗಿದ್ದು ಕೆಳಗಿಳಿಯುವವುಗಳಲ್ಲಿ ಕಡಮೆಯಾಗಿದ್ದರೆ ನೆಲವು ಅನಿಲವನ್ನು ಬಿಡುತ್ತಿದೆಯೆಂದೂ, ವಿಪರ್ಯಯವಾಗಿದ್ದರೆ ಹೀರುತ್ತಿದೆಯೆಂದೂ ಸಿದ್ಧವಾಗುತ್ತದೆ. ನೂರಾರು ಮೀಟರುಗಳ ನೆಲದ ಸರಾಸರಿಯನ್ನು ಹಗಲಿರುಳೂ ಕೊಡುವ ಈ ವಿಧಾನಕ್ಕೆ ಗಾಳಿ ಬೀಸುತ್ತಿರಲೇಬೇಕು. ನಿಶ್ಚಲವಾದ ಇರುಳುಗಳಲ್ಲಿ ಅದು ನಿಷ್ಪ್ರಯೋಜಕ. ತೀವ್ರವಾದ ಚಳಿಯಲ್ಲಿ ಮತ್ತೊಂದು ದೋಷ ತಲೆದೋರಿತು. ಬಯಲಿಗೆ ತೆರೆದಿರುವ ಅನಿಲಮಾಪಕವು ತನ್ನದೇ ವಿದ್ಯುತ್ತಿನ ಶಾಖದಿಂದ ಸುತ್ತಲಿನ ಗಾಳಿಯನ್ನು ತುಸು ಬಿಸಿಮಾಡಿ, ಆ ಮೂಲಕ ಅದರ ಸಾಂದ್ರತೆಯನ್ನು ಕುಗ್ಗಿಸುತ್ತಿದ್ದುದರಿಂದ, ಹಿಮದಡಿ ಸಸ್ಯಗಳು ಮಲಗಿರುವ ಕಾಲದಲ್ಲಿಯೂ ನೆಲವು ಇಂಗಾಲವನ್ನು ಹೀರುತ್ತಿರುವಂತೆ ಅಂಕೆಗಳು ತೋರಿದವು. ಸಸ್ಯಶಾಸ್ತ್ರವು ಅಸಂಭವವೆಂದದ್ದನ್ನು ಉಪಕರಣವು ಸಂಭವವೆಂದಾಗ ಸಂಶೋಧಕರು ಉಪಕರಣವನ್ನೇ ಪರೀಕ್ಷಿಸಿ, ಅದರ ಶಾಖಕ್ಕೆ ತಕ್ಕ ತಿದ್ದುಪಡಿಯನ್ನು ರೂಪಿಸಿದರು.

ಚಳಿಗಾಲದ ಈ ಅಳತೆ ಗೌಣವಾದದ್ದಲ್ಲ. ಸಂಶೋಧಕರ ದಂಡುಗಳು ಬೇಸಗೆಯಲ್ಲಿ ಬಂದು ಬೇಸಗೆಯ ಅಂತ್ಯದಲ್ಲಿ ಮರಳುತ್ತಿದ್ದ ಕಾಲದಲ್ಲಿ, ಹೆಪ್ಪುಗಟ್ಟಿದ ನೆಲ ನಿಷ್ಕ್ರಿಯವೆಂಬ ಭಾವನೆ ಪ್ರಬಲವಾಗಿತ್ತು. ಹಲವು ನೆಲೆಗಳ ಅಳತೆಗಳನ್ನು ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಗಣನೆಯಂತೆ, ಪರ್ಮಾಫ್ರಾಸ್ಟ್ ಪ್ರದೇಶವು ಅಕ್ಟೋಬರಿನಿಂದ ಏಪ್ರಿಲಿನವರೆಗೆ ವರ್ಷಕ್ಕೆ 1.66 ಶತಕೋಟಿ ಟನ್ ಇಂಗಾಲವನ್ನು ಡೈಆಕ್ಸೈಡಿನ ರೂಪದಲ್ಲಿ ಹೊರಬಿಡುತ್ತಿದ್ದರೆ, ಸಸ್ಯಗಳು ಬೆಳೆಯುವ ಋತುವಿನಲ್ಲಿ ಹೀರುವುದು ಗಣಿತೀಯ ಮಾದರಿಗಳ ಪ್ರಕಾರ 1.03 ಶತಕೋಟಿ ಟನ್ ಮಾತ್ರ. ಖರ್ಚಿನ ಪುಟಗಳನ್ನು ತೆರೆಯದೆ ಜಮೆಯ ಪುಟಗಳನ್ನಷ್ಟೇ ಕೂಡಿದ ಲೆಕ್ಕ ಎಷ್ಟು ವಿಶ್ವಾಸಾರ್ಹವೋ, ಬೇಸಗೆಯ ಅಳತೆಯೊಂದನ್ನೇ ನಂಬಿದ ನಿರ್ಣಯವೂ ಅಷ್ಟೇ ವಿಶ್ವಾಸಾರ್ಹವಾಗಿತ್ತೆಂದು ಇದರಿಂದ ತಿಳಿಯಬರುತ್ತದೆ.

4. ವಾಯುಮಂಡಲದ ಸಾಕ್ಷ್ಯ

ನೆಲದಿಂದ ಮೇಲಕ್ಕೆ ನೋಡುವ ಈ ವಿಧಾನಗಳಿಗೆ ಪ್ರತಿಯಾಗಿ, ಗಾಳಿಯಿಂದ ಕೆಳಕ್ಕೆ ನೋಡುವ ವಿಧಾನವೂ ಒಂದುಂಟು. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರ ಮಾರ್ಚಿನಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆಗೆ ತೊಡಗಿದಾಗ ದಶಲಕ್ಷಕ್ಕೆ ಸುಮಾರು 313 ಭಾಗಗಳಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಆರ್ಕ್ಟಿಕ್ ಸಮುದ್ರದ ತೀರದಲ್ಲಿ, ಅಲಾಸ್ಕದ ಬ್ಯಾರೋ ಎಂದು ಪ್ರಸಿದ್ಧವಾಗಿದ್ದು ಈಗ ಉಟ್ಕಿಯಾಗ್ವಿಕ್ ಎಂಬ ಹೆಸರನ್ನು ಮರಳಿ ಪಡೆದಿರುವ ಊರಿನಲ್ಲಿ, ಅಮೆರಿಕದ ವೀಕ್ಷಣಾಲಯವೊಂದು 1973ರಿಂದ ಕಾರ್ಯನಿರತವಾಗಿದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿರುವ ಅನಿಲಕ್ಕೂ ಟಂಡ್ರಾದ ಮೇಲೆ ಹಾದುಬರುವ ಗಾಳಿಯಲ್ಲಿರುವುದಕ್ಕೂ ಇರುವ ಅಂತರವನ್ನು ಹಿಡಿದರೆ, ನಡುವಣ ನೆಲವು ಕೂಡಿಸಿದ್ದೆಷ್ಟೆಂಬುದು ಹೊರಪಡುತ್ತದೆ.

ಈ ದಾಖಲೆಗಳಿಂದ ದೊರೆತ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಚಿತ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಟಂಡ್ರಾದಿಂದ ಚಳಿಗಾಲದ ಆರಂಭದಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ 1975ರಿಂದೀಚೆಗೆ ಶೇಕಡಾ 73ರಷ್ಟು ಅಧಿಕವಾಗಿದೆ. ಅದಕ್ಕೆ ಒಂದು ವರ್ಷ ಮುನ್ನ ಪ್ರಕಟವಾದ ಮತ್ತೊಂದು ಅಧ್ಯಯನವು, ಅದೇ ವೀಕ್ಷಣಾಲಯದ ಸುಮಾರು ಮೂರು ದಶಕಗಳ ಮೀಥೇನ್ ದಾಖಲೆಯಲ್ಲಿ, ಉಷ್ಣತೆ ಗಣನೀಯವಾಗಿ ಏರಿದ್ದರೂ ಆ ಪ್ರದೇಶದ ಉತ್ಸರ್ಗದಲ್ಲಿ ಎಣಿಸಬಹುದಾದ ಏರಿಕೆಯನ್ನು ಕಾಣಲಿಲ್ಲ. ನೂರು ವರ್ಷಗಳ ಅವಧಿಯಲ್ಲಿ ಒಂದು ಟನ್ ಮೀಥೇನು ಒಂದು ಟನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಪ್ರಬಲವಾದ ತಾಪಕಾರಕವಾದುದರಿಂದ, ಇವೆರಡರ ಭೇದ ಶಾಸ್ತ್ರಾರ್ಥದ ಭೇದ ಮಾತ್ರವಲ್ಲ. ಕರಗಿದ ನೆಲ ಒಣಗುವುದೋ, ನೀರು ನಿಂತು ಜೌಗಾಗುವುದೋ ಎಂಬುದರ ಮೇಲೆ ಅದರ ಫಲ ನಿಂತಿದೆಯಾದ ಕಾರಣ, ನೆಲ ಕರಗಿತೆಂದ ಮಾತ್ರಕ್ಕೆ ಎಲ್ಲ ಕಡೆಯೂ ಒಂದೇ ಅನಿಲ ಒಂದೇ ಪ್ರಮಾಣದಲ್ಲಿ ಏರುತ್ತದೆಂದು ತರ್ಕಿಸಲಾಗದು.

5. ವಯಸ್ಸಿನ ನಿರ್ಣಯ

ಹೊರಬಂದ ಅನಿಲವು ಕಳೆದ ವರ್ಷ ಉದುರಿದ ಎಲೆಯದೋ, ಹಿಮಯುಗದ ಹುಲ್ಲಿನದೋ ಎಂಬುದನ್ನು ಪರಿಮಾಣದ ಅಳತೆ ಹೇಳದು. ಪ್ರಶ್ನೆಯ ಮರ್ಮವಾದರೋ ಅದೇ. ಕಳೆದ ವರ್ಷ ಸಸ್ಯವು ಹೀರಿದ್ದು ಈ ವರ್ಷ ಮರಳಿದರೆ ವಾಯುಮಂಡಲಕ್ಕೆ ಹೊಸದೇನೂ ಸೇರಿದಂತಾಗದು. ವಿಲ್ಲರ್ಡ್ ಲಿಬಿ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕವನ್ನು ದೊರಕಿಸಿದ ವಿಕಿರಣಶೀಲ ಇಂಗಾಲದ ವಿಧಾನ ಇಲ್ಲಿ ನೆರವಾಗುತ್ತದೆ. 5,730 ವರ್ಷಗಳ ಅರ್ಧಾಯುವುಳ್ಳ ಇಂಗಾಲ-14 ಪ್ರಾಚೀನ ಶೇಷಗಳಲ್ಲಿ ಕ್ಷೀಣಿಸಿರುತ್ತದೆ. ಅಣ್ವಸ್ತ್ರ ಪ್ರಯೋಗಗಳ ತರುವಾಯದ ಸಸ್ಯಗಳಲ್ಲಿಯಾದರೋ ಅದರ ಅಂಶ ಸಹಜಕ್ಕಿಂತ ಮಿಗಿಲಾಗಿತ್ತು.

ಹೀಲಿಯ ಸಮೀಪದ ಅದೇ ಟಂಡ್ರಾದಲ್ಲಿ, ಕರಗುವಿಕೆ ಅತ್ಯಲ್ಪವಾದ, ಹದಿನೈದು ವರ್ಷಗಳಿಂದೀಚಿನದಾದ, ಅನೇಕ ದಶಕಗಳಷ್ಟು ಹಳೆಯದಾದ ಮೂರು ನೆಲೆಗಳನ್ನು ಈ ವಿಧಾನದಿಂದ ಪರೀಕ್ಷಿಸಿದ ಸಂಶೋಧಕರು 2009ರಲ್ಲಿ ನೀಡಿದ ವರದಿ ಈ ಶಾಸ್ತ್ರದ ಅಮೂಲ್ಯ ದಾಖಲೆಗಳಲ್ಲೊಂದು. ಮೊದಲನೆಯದಕ್ಕೆ ಹೋಲಿಸಿದರೆ, ಎರಡನೆಯ ನೆಲೆಯಲ್ಲಿ ಪ್ರಾಚೀನ ಇಂಗಾಲದ ವಾರ್ಷಿಕ ನಷ್ಟ ಶೇಕಡಾ 40ರಷ್ಟು ಅಧಿಕವಾಗಿದ್ದರೂ, ಕರಗಿದ ಮಣ್ಣಿನಲ್ಲಿ ಸಸ್ಯಗಳು ಹುಲುಸಾಗಿ ಬೆಳೆದುದರಿಂದ ಒಟ್ಟಿನಲ್ಲಿ ಆ ನೆಲ ಇಂಗಾಲವನ್ನು ಹೀರುತ್ತಿತ್ತು. ಮೂರನೆಯದರಲ್ಲಿ ಪ್ರಾಚೀನ ಇಂಗಾಲದ ನಷ್ಟ ಶೇಕಡಾ 78ರಷ್ಟು ಅಧಿಕವಾಗಿ, ಸಸ್ಯಗಳ ವೃದ್ಧಿ ಅದನ್ನು ತುಂಬಲಾರದೆ, ನೆಲವು ಇಂಗಾಲವನ್ನು ಬಿಡುತ್ತಿತ್ತು. ಎರಡನೆಯ ನೆಲೆಯಲ್ಲಿ ಪೆಟ್ಟಿಗೆಯ ಅಳತೆಯನ್ನಷ್ಟೇ ನೋಡಿದವನು ಹಸುರನ್ನು ಕಂಡು ನಿಶ್ಚಿಂತನಾಗಬಹುದಾಗಿತ್ತು. ಆ ಹಸುರಿನ ಅಡಿಯಲ್ಲಿ ಹಳೆಯ ಸಂಚಯ ಕರಗತೊಡಗಿತ್ತೆಂಬುದನ್ನು ವಯಸ್ಸಿನ ಅಳತೆ ಮಾತ್ರವೇ ತೋರಿಸಿತು.

ಸೈಬೀರಿಯದ ಕೊಲಿಮಾ ನದಿಯ ಪ್ರಾಂತದ ಚೆರ್ಸ್ಕಿಯ ಬಳಿಯ ಸರೋವರಗಳಲ್ಲಿಯೂ ಹೀಗೆಯೇ. ಅಲ್ಲಿ ಮೀಥೇನಿನ ಬಹುಭಾಗ ಗುಳ್ಳೆಗಳಾಗಿ ಅಲ್ಲಲ್ಲಿ ಚಿಮ್ಮುವುದರಿಂದ, ಹಿಂದಿನ ಅಳತೆಗಳು ಅದನ್ನು ತಪ್ಪಿಸಿಕೊಂಡಿದ್ದವು. ಕೊಡೆಯಂತೆ ಬೋರಲಾದ ಬಲೆಗಳನ್ನು ನೀರೊಳಗೆ ಹೂಡಿ ಗುಳ್ಳೆಗಳನ್ನು ಹಿಡಿದಾಗ, ನೆಲ ಕುಸಿಯುತ್ತಿರುವ ದಡಗಳಲ್ಲಿ ಹೊರಬಂದ ಮೀಥೇನಿನ ವಯಸ್ಸು 35,000ದಿಂದ 43,000 ವರ್ಷಗಳವರೆಗಿತ್ತೆಂದು 2006ರಲ್ಲಿ ವರದಿಯಾಯಿತು.

6. ಉಪಸಂಹಾರ

ಈ ವಿಧಾನಗಳೆಲ್ಲವನ್ನೂ ಒಳಗೊಂಡ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ ಆರನೆಯ ವರದಿಯು, ಭೂಮಿಯ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ 2100ರೊಳಗೆ ಪರ್ಮಾಫ್ರಾಸ್ಟಿನಿಂದ ಡೈಆಕ್ಸೈಡಿನ ರೂಪದಲ್ಲಿ ಹೊರಬೀಳಬಹುದಾದ ಇಂಗಾಲವನ್ನು 18 ಶತಕೋಟಿ ಟನ್ನುಗಳೆಂದು ಅಂದಾಜುಮಾಡಿ, ಇದು 3ರಿಂದ 41ರವರೆಗೆ ಎಲ್ಲಿಯೂ ಇರಬಹುದೆಂದು ಸೇರಿಸಿದೆ. ಹದಿಮೂರು ಪಟ್ಟಿಗೂ ಮಿಕ್ಕ ಈ ಅಂತರವನ್ನು ಕಂಡು ಕೆಲವರು ವಿಜ್ಞಾನವನ್ನೇ ಶಂಕಿಸುವುದೂ, ಕೆಲವರು ತಮಗೆ ಬೇಕಾದ ತುದಿಯನ್ನು ಹಿಡಿದು ವಾದಿಸುವುದೂ ಉಂಟು, ಎರಡೂ ಯುಕ್ತವಲ್ಲ. ಅಂತರವನ್ನು ಕಿರಿದುಗೊಳಿಸಬಲ್ಲದ್ದು ಅಳತೆಯೊಂದೇ. ಅಳತೆಗೆ ಅವಶ್ಯವಾದದ್ದು ಅವಿಚ್ಛಿನ್ನತೆ. ಮೂರು ದಶಕಗಳ ದಾಖಲೆ ಇದ್ದುದರಿಂದಲೇ ಬ್ಯಾರೋವಿನ ಮೀಥೇನ್ ಏರಿಲ್ಲವೆಂದು ಹೇಳಲು ಸಾಧ್ಯವಾಯಿತು. ಐದು ವರ್ಷಗಳ ದಾಖಲೆಯಿಂದ ಏರಿಕೆಯನ್ನಾಗಲಿ ಅದರ ಅಭಾವವನ್ನಾಗಲಿ ಸ್ಥಾಪಿಸಲಾಗುತ್ತಿರಲಿಲ್ಲ. ತನ್ನ ಭೂಭಾಗದ ಅರ್ಧಕ್ಕಿಂತ ಹೆಚ್ಚನ್ನು ಪರ್ಮಾಫ್ರಾಸ್ಟಿನ ಮೇಲೆ ಹೊಂದಿರುವ ರಷ್ಯಾದ ನೆಲೆಗಳೊಡನೆ ಅನ್ಯದೇಶೀಯ ಸಂಶೋಧಕರ ಸಹಯೋಗ 2022ರಲ್ಲಿ ಉಕ್ರೇನಿನ ಮೇಲಣ ಯುದ್ಧ ಆರಂಭವಾದ ಬಳಿಕ ಬಹುಮಟ್ಟಿಗೆ ಕಡಿದುಹೋದದ್ದು ಈ ಕಾರಣದಿಂದ ಎಲ್ಲ ದೇಶಗಳಿಗೂ ಸಂಬಂಧಿಸಿದ ನಷ್ಟ. ಕೈಬಿಟ್ಟುಹೋದ ವರ್ಷದ ಗಾಳಿಯನ್ನು ಮರುವರ್ಷ ಅಳೆಯಲಾಗದು.

ನಮ್ಮ ದೇಶವೂ ಈ ವಿಷಯಕ್ಕೆ ಹೊರಗಿನದಲ್ಲ. ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ನ್ಯೂ-ಓಲೆಸುಂಡಿನಲ್ಲಿ, ಪರ್ಮಾಫ್ರಾಸ್ಟಿನ ಮೇಲೆಯೇ, ಭಾರತದ ‘ಹಿಮಾದ್ರಿ’ ನೆಲೆ 2008ರಿಂದ ನಿಂತಿದೆ. ಕಾರವಾರದಿಂದ ಉತ್ತರಕ್ಕೆ, ಗೋವೆಯ ಕಡಲತಡಿಯ ಕಾಬೊ ದ ರಾಮದಲ್ಲಿ 1993ರಿಂದ ಗಾಜಿನ ಕುಪ್ಪಿಗಳಲ್ಲಿ ಗಾಳಿಯನ್ನು ತುಂಬಿ ಆಸ್ಟ್ರೇಲಿಯಾದ ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷಿಸಿದ ದಶಕವೊಂದರ ದಾಖಲೆ ನಮ್ಮ ಕರಾವಳಿಯ ವಾಯುವಿನ ಕುರಿತು ಇರುವ ಅಪೂರ್ವ ಸಾಮಗ್ರಿ. ಉತ್ತರಧ್ರುವ ಪ್ರದೇಶದ ನೆಲದಿಂದ ಎದ್ದ ಇಂಗಾಲವು ಒಂದೆರಡು ವರ್ಷಗಳಲ್ಲಿ ಸಮಸ್ತ ವಾಯುಮಂಡಲದಲ್ಲಿ ಬೆರೆಯುವುದರಿಂದ, ಅಂಥ ನೆಲೆಗಳ ಪ್ರತಿಯೊಂದು ಕುಪ್ಪಿಯೂ ದೂರದ ಆ ನೆಲದ ಲೆಕ್ಕಕ್ಕೆ ಒಂದು ತಾಳೆ. ಇಂಥ ಕಾರ್ಯಗಳಿಗೆ ಅನುದಾನವನ್ನು ಮೂರು ವರ್ಷಗಳ ಯೋಜನೆಯೆಂದು ಕೊಟ್ಟು ನಿಲ್ಲಿಸುವ ಪದ್ಧತಿಯನ್ನು ತ್ಯಜಿಸಿ, ದಶಕಗಳ ಪರಿವೀಕ್ಷಣೆಯನ್ನು ರಾಷ್ಟ್ರದ ಸ್ಥಾಯೀ ಕರ್ತವ್ಯಗಳಲ್ಲೊಂದೆಂದು ಅಂಗೀಕರಿಸುವುದು, ಮತ್ತು ನೆಲವನ್ನು ಅಳೆಯುವವರೂ ಗಾಳಿಯನ್ನು ಅಳೆಯುವವರೂ ತಮ್ಮ ಅಂಕೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಪರೀಕ್ಷಿಸುವ ವ್ಯವಸ್ಥೆಯನ್ನು ಕಲ್ಪಿಸುವುದು, ಮುಂದಿನ ತಲೆಮಾರಿಗೆ ನಾವು ಸಲ್ಲಿಸಬೇಕಾದ ಋಣವೆಂದು ನಾನು ಭಾವಿಸುತ್ತೇನೆ.