ದೂರದರ್ಶಕದಲ್ಲಿ ಚಂದ್ರವೀಕ್ಷಣೆ

ದೂರದರ್ಶಕದ ಮೂಲಕ ಚಂದ್ರನ ಮೇಲ್ಮೈಯನ್ನು ನೋಡುವುದು ಹವ್ಯಾಸಿ ಖಗೋಳ ವೀಕ್ಷಣೆಯಲ್ಲಿ ಎಲ್ಲಕ್ಕಿಂತ ಸುಲಭವಾದದ್ದು. ನಗರದ ದೀಪಗಳ ಬೆಳಕು ಇದಕ್ಕೆ ಅಷ್ಟಾಗಿ ಅಡ್ಡಿಯಾಗದು. 1609ರ ನವೆಂಬರ್ ಅಂತ್ಯದಲ್ಲಿ ಇಟಲಿಯ ಪಡುವಾ ನಗರದಿಂದ ಚಂದ್ರನನ್ನು ವೀಕ್ಷಿಸತೊಡಗಿದ ಗೆಲಿಲಿಯೋ, ಅಲ್ಲಿ ಬೆಟ್ಟಗಳಿವೆ ಎಂಬುದನ್ನು ಅವುಗಳ ನೆರಳುಗಳಿಂದಲೇ ತರ್ಕಿಸಿದನು.

ವೀಕ್ಷಣೆಗೆ ತಕ್ಕ ತಿಥಿ

ಹುಣ್ಣಿಮೆಯೇ ಶ್ರೇಷ್ಠವೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ವಿವರಗಳು ಅತ್ಯಂತ ಕಡಿಮೆ ಕಾಣುವುದು ಅಂದೇ. ಆಗ ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳು ಮಾಯವಾಗುತ್ತವೆ. ಟೈಕೊ ಕುಳಿಯಿಂದ ಹೊರಚಾಚುವ ಬಿಳಿಯ ಕಿರಣರೇಖೆಗಳಿಗೆ ಮಾತ್ರ ಹುಣ್ಣಿಮೆ ಒಳ್ಳೆಯ ಕಾಲ. ಉಳಿದ ದಿನಗಳಲ್ಲಿ ಬೆಳಕು ಮತ್ತು ಕತ್ತಲೆ ಸಂಧಿಸುವ ಗಡಿರೇಖೆಯ ಬಳಿ ಕುಳಿಗಳ ಅಂಚುಗಳು ಉದ್ದವಾದ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಶುಕ್ಲಪಕ್ಷದ ಷಷ್ಠಿಯ ಸುಮಾರಿಗೆ ಥಿಯೋಫಿಲಸ್, ದಶಮಿಯ ಸುಮಾರಿಗೆ 93 ಕಿ.ಮೀ. ವ್ಯಾಸದ ಕೊಪರ್ನಿಕಸ್ ಈ ರೇಖೆಯ ಸಮೀಪಕ್ಕೆ ಬರುತ್ತವೆ. ಅಷ್ಟಮಿಯ ಚಂದ್ರನು ಸೂರ್ಯಾಸ್ತದ ವೇಳೆಗೇ ಆಕಾಶದಲ್ಲಿ ಎತ್ತರದಲ್ಲಿರುವುದರಿಂದ ಶಾಲಾ ಮಕ್ಕಳಿಗೆ ತೋರಿಸಲು ಆ ಸಂಜೆ ಬಹಳ ಅನುಕೂಲ.

ಪ್ರಖರತೆ ಮತ್ತು ಕಣ್ಣು

ಅರ್ಧಚಂದ್ರನು ಪೂರ್ಣಚಂದ್ರನ ಅರ್ಧದಷ್ಟಲ್ಲ, ಸುಮಾರು ಹತ್ತನೇ ಒಂದರಷ್ಟು ಮಾತ್ರ ಬೆಳಕು ನೀಡುತ್ತಾನೆ. ಹುಣ್ಣಿಮೆಯ ಚಂದ್ರನನ್ನು ದೂರದರ್ಶಕದಲ್ಲಿ ನೋಡಿದರೆ ಕಣ್ಣು ಕೋರೈಸಿ, ಕೆಲವು ನಿಮಿಷ ಆ ಕಣ್ಣಿಗೆ ಸುತ್ತಲಿನದು ಕತ್ತಲಾಗಿ ತೋರಬಹುದು. ಇದರಿಂದ ದೃಷ್ಟಿಗೆ ಹಾನಿಯಿಲ್ಲ. ಹತ್ತಿರದಲ್ಲಿ ಒಂದು ಮಂದ ದೀಪವನ್ನು ಉರಿಸಿಟ್ಟರೆ ಕಣ್ಣಿನ ಪಾಪೆ ಕಿರಿದಾಗಿ ಹಿತವೆನಿಸುತ್ತದೆ. ವರ್ಧನೆಯನ್ನು 50 ಪಟ್ಟಿನಿಂದ 100 ಪಟ್ಟಿಗೆ ಏರಿಸಿದರೆ ಬಿಂಬದ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಐಪೀಸಿಗೆ ತಿರುಗಿಸಿ ಕೂರಿಸುವ ಮೂನ್ ಫಿಲ್ಟರ್ ಮತ್ತೊಂದು ಉಪಾಯ. ಸಣ್ಣ ದೂರದರ್ಶಕಗಳಿಗೆ ಅದು ಅನಿವಾರ್ಯವೇನಲ್ಲ.

ವೀಕ್ಷಕನ ಅನುಕೂಲ

ಬಗ್ಗಿ ನಿಂತು ನೋಡುವವನು ಬೇಗ ದಣಿಯುತ್ತಾನೆ. ಕುಳಿತಾಗ ಕಣ್ಣು ಸಹಜವಾಗಿ ಐಪೀಸಿನ ಮಟ್ಟಕ್ಕೆ ಬರುವಂತಹ ಕುರ್ಚಿಯಿದ್ದರೆ ಹೆಚ್ಚು ಹೊತ್ತು ನೋಡಬಹುದು. ಸೂಕ್ಷ್ಮ ವಿವರಗಳು ತಾಳ್ಮೆಯಿಂದ ನೋಡಿದವನಿಗೇ ಗೋಚರಿಸುತ್ತವೆ. ಹಗಲೆಲ್ಲ ಕಾದ ತಾರಸಿಯಿಂದ ಏಳುವ ಬಿಸಿಗಾಳಿಯಿಂದ ಬಿಂಬವು ನಡುಗುವ ಕಾರಣ ಮಣ್ಣಿನ ಅಂಗಳವೇ ಮೇಲು. ನ್ಯೂಟನ್ ಮಾದರಿಯ ದೂರದರ್ಶಕದಲ್ಲಿ ಚಂದ್ರನು ತಲೆಕೆಳಗಾಗಿ ಕಾಣುವುದರಿಂದ ನಕ್ಷೆಯನ್ನೂ ತಿರುಗಿಸಿ ಹಿಡಿಯಬೇಕಾಗುತ್ತದೆ.

ಮೂನ್ ಫಿಲ್ಟರನ್ನು ಸೂರ್ಯವೀಕ್ಷಣೆಗೆ ಎಂದಿಗೂ ಬಳಸಬಾರದು. ಅದು ಸೂರ್ಯನ ಬೆಳಕಿನಿಂದ ಕಣ್ಣನ್ನು ರಕ್ಷಿಸಲಾರದು, ಕ್ಷಣಮಾತ್ರದಲ್ಲಿ ಶಾಶ್ವತ ಕುರುಡು ಉಂಟಾಗಬಹುದು.