ಕಳಲೆಯ ದಳವಾಯಿಯೂ ಬೆಟ್ಟ ಹತ್ತುವವರ ವಿಮೆಯೂ

ನಂಜನಗೂಡಿಗೆ ಹೋದವರು ಶ್ರೀಕಂಠೇಶ್ವರನ ದರ್ಶನ ಮಾಡಿ, ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಂಡು ಹಿಂತಿರುಗುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದ ಕಳಲೆಯವರೆಗೆ ಹೋಗುವವರು ಕಡಿಮೆ. ಲಕ್ಷ್ಮೀಕಾಂತಸ್ವಾಮಿಯ ದೇವಾಲಯವಿರುವ ಈ ಊರು ಮೈಸೂರಿನ ದಳವಾಯಿಗಳ ಮನೆತನದ ಮೂಲ. ಹದಿನೆಂಟನೆಯ ಶತಮಾನದ ನಡುವೆ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರೂ ಅಧಿಕಾರವೆಲ್ಲ ಕಳಲೆಯ ಸಹೋದರರಾದ ದೇವರಾಜಯ್ಯ ಮತ್ತು ಕರಾಚೂರಿ ನಂಜರಾಜಯ್ಯನವರ ಕೈಯಲ್ಲಿತ್ತು.

ನಮ್ಮ ಈ ಬಾರಿಯ ಮಾತುಕತೆಯ ವಿಷಯ, ಪರದೇಶಗಳಲ್ಲಿ ಬೆಟ್ಟ ಹತ್ತಲು ಹೋಗುವವರ ಪ್ರಯಾಣ ವಿಮೆ. ಅದಕ್ಕೂ ಕಳಲೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ನಂಜರಾಜಯ್ಯನವರದು. ಅವರೂ ಒಂದು ಬೆಟ್ಟದ ಆಸೆಗೆ ಪರನಾಡಿಗೆ ಹೋದವರೇ. ತಿರುಚಿರಾಪಳ್ಳಿಯ ಆ ಬಂಡೆ ಎತ್ತರದಲ್ಲಿ 83 ಮೀಟರ್ ಮಾತ್ರ. ಆದರೆ ಅದನ್ನು ಹತ್ತುವ ಪ್ರಯತ್ನ ಮೈಸೂರಿನ ಬೊಕ್ಕಸವನ್ನೇ ಬರಿದು ಮಾಡಿತು.

1751ರಲ್ಲಿ ಆರ್ಕಾಟಿನ ನವಾಬಗಿರಿಗಾಗಿ ಚಂದಾ ಸಾಹೇಬನೂ ಮುಹಮ್ಮದ್ ಅಲಿಯೂ ಕಾದಾಡುತ್ತಿದ್ದರು. ತಿರುಚಿರಾಪಳ್ಳಿಯ ಕೋಟೆಯೊಳಗೆ ಸಿಕ್ಕಿಕೊಂಡಿದ್ದ ಮುಹಮ್ಮದ್ ಅಲಿ ಮೈಸೂರಿನ ನೆರವು ಬೇಡಿದ. ನನ್ನನ್ನು ಉಳಿಸಿ, ಗೆದ್ದ ಮೇಲೆ ತಿರುಚಿರಾಪಳ್ಳಿಯನ್ನೇ ನಿಮಗೆ ಬಿಟ್ಟುಕೊಡುತ್ತೇನೆ ಎಂಬುದು ಆತನ ಕರಾರು. ಅಣ್ಣ ದೇವರಾಜಯ್ಯನವರಿಗೆ ಇದು ಸರಿಬೀಳಲಿಲ್ಲ. ತಮ್ಮ ಕೇಳಲಿಲ್ಲ, ದೊಡ್ಡ ಸೈನ್ಯದೊಡನೆ ಘಟ್ಟವಿಳಿದರು. 1752ರ ಜೂನ್ ತಿಂಗಳಲ್ಲಿ ಚಂದಾ ಸಾಹೇಬ ಹತನಾದ, ಕೆಲಸ ಮುಗಿಯಿತು. ಕರಾರಿನಂತೆ ಕೋಟೆ ಕೊಡಿ ಎಂದರೆ ಮುಹಮ್ಮದ್ ಅಲಿ ಒಂದೊಂದೇ ನೆಪ ತೆಗೆದ. ಅವನ ಬೆನ್ನಿಗಿದ್ದ ಇಂಗ್ಲಿಷರಿಗೆ ಈ ಗುಟ್ಟಿನ ಒಪ್ಪಂದದ ವಿವರ ತಿಳಿದದ್ದೇ ಆಗ! ಶ್ರೀರಂಗಂ ದ್ವೀಪದ ಆದಾಯವನ್ನಷ್ಟು ಕೊಟ್ಟು, ಉಳಿದದ್ದಕ್ಕೆ ಇನ್ನೆರಡು ತಿಂಗಳು ತಡೆಯಿರಿ ಎಂದ. ಆ ಎರಡು ತಿಂಗಳು ಕೊನೆಗೂ ಬರಲೇ ಇಲ್ಲ. ನಂಜರಾಜಯ್ಯನವರು ಫ್ರೆಂಚರ ಪಕ್ಷ ಸೇರಿ ವರ್ಷಗಟ್ಟಲೆ ಹೋರಾಡಿ, 1755ರಲ್ಲಿ ಬರಿಗೈಯಲ್ಲಿ ಹಿಂತಿರುಗಿದರು. ಅದೇ ವರ್ಷ ಸಲಾಬತ್ ಜಂಗನೂ ಫ್ರೆಂಚ್ ಸೇನಾನಿ ಬುಸ್ಸಿಯೂ ಶ್ರೀರಂಗಪಟ್ಟಣದ ಮುಂದೆ ನಿಂತು ಕಪ್ಪ ಕೇಳಿದರು. ಸಂಬಳ ಸಿಗದ ಸೈನಿಕರು 1758ರಲ್ಲಿ ನಂಜರಾಜಯ್ಯನವರ ಮನೆ ಬಾಗಿಲಲ್ಲಿ ಧರಣಿ ಕೂತರು. ಅವರ ಬಾಕಿಯ ಲೆಕ್ಕ ತೀರಿಸಿದವನು ಹೈದರ್ ಅಲಿ. ಮೂರು ವರ್ಷಗಳಲ್ಲಿ ರಾಜ್ಯವೇ ಅವನ ಕೈಗೆ ಬಂತು.

ನಾನು ವಿಜ್ಞಾನ ಓದಿದವನು, ಚರಿತ್ರೆಯ ವಿದ್ಯಾರ್ಥಿಯಲ್ಲ. ಆದರೂ ಈ ಕತೆ ಓದುವಾಗಲೆಲ್ಲ ನನಗೆ ವಿಮೆಯ ಪಾಲಿಸಿ ನೆನಪಾಗುತ್ತದೆ. ಕೊಡುವವನ ಮಾತು ಹೊರಡುವ ದಿನ ಒಂದು ಬಗೆ, ಕೇಳುವ ದಿನ ಇನ್ನೊಂದು ಬಗೆ.

ಅಪಾಯಕ್ಕೆ ಬೆಲೆ ಕಟ್ಟುವುದು ನಮ್ಮವರಿಗೆ ಹೊಸದೇನಲ್ಲ. ಕಾಡು ಹಾದುಹೋಗುವ ವರ್ತಕ ತನ್ನ ಸಾಲಕ್ಕೆ ತಿಂಗಳಿಗೆ ನೂರಕ್ಕೆ 10, ಸಮುದ್ರ ದಾಟುವವನು 20 ಬಡ್ಡಿ ಕೊಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಇದಕ್ಕೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅಂಥ ದಾರಿಯಲ್ಲಿ ಪ್ರಾಣಕ್ಕೂ ಹಣಕ್ಕೂ ಕುತ್ತು, ಸಾಲ ಕೊಟ್ಟವನ ಅಸಲೇ ಮುಳುಗಬಹುದು ಎಂಬುದು ಅವನು ಕೊಡುವ ಕಾರಣ. ದಾರಿ ಕಠಿಣವಾದಷ್ಟೂ ದರ ಏರುತ್ತದೆ. ಇಂದಿನ ಪ್ರೀಮಿಯಂ ಲೆಕ್ಕವೂ ಅದೇ ಅಲ್ಲವೆ?

ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗೆ ಜೀವವಿಮೆ ಆರಂಭಿಸಿತು. ವಿದೇಶ ಪ್ರಯಾಣಿಕರ ವೈದ್ಯವಿಮೆ ನಮ್ಮ ಸರ್ಕಾರಿ ವಿಮಾ ಕಂಪನಿಗಳಿಂದ ದೊರೆತದ್ದು 1984ರಲ್ಲಿ. ಲಂಡನ್ನಿನಲ್ಲಿ ಮಗಳ ಬಾಣಂತನಕ್ಕೆ ಹೋದ ತಾಯಿಗೆ ಅದು ಸಾಕು. ಬೆಟ್ಟ ಹತ್ತುವವರಿಗೆ ಸಾಲದು. ಪರ್ವತಾರೋಹಣ ‘ಅಪಾಯಕರ ಕ್ರೀಡೆ’ಗಳ ಪಟ್ಟಿಯಲ್ಲಿ ಸೇರಿ, ಪಾಲಿಸಿಯ ಕೊನೆಯ ಪುಟಗಳ ಸಣ್ಣ ಅಕ್ಷರಗಳಲ್ಲಿ ಹೊರಗುಳಿಯುವುದು ವಾಡಿಕೆ. ಹೆಚ್ಚಿನ ಹಣ ಕಟ್ಟಿ ಸೇರಿಸಿಕೊಂಡರೂ ಎತ್ತರದ ಮಿತಿ ಇರುತ್ತದೆ.

ಎತ್ತರದ ವಿಚಾರ ನಮಗೆ ಸುಲಭವಾಗಿ ಅರ್ಥವಾಗುವುದಿಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ನೇಪಾಳದ ಎವರೆಸ್ಟ್ ತಳಶಿಬಿರ 5,364 ಮೀಟರ್, ಆಫ್ರಿಕಾದ ಕಿಲಿಮಂಜಾರೊ 5,895. ಅಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬತೊಡಗಿದರೆ ಮೊದಲ ಚಿಕಿತ್ಸೆ ಕೆಳಗಿಳಿಯುವುದು. ಕಾಲಿನಲ್ಲಿ ಇಳಿಯಲಾಗದಿದ್ದರೆ ಹೆಲಿಕಾಪ್ಟರ್.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಕರ್ನಾಟಕದಿಂದ ಹೋದವರ 22 ಜನರ ತಂಡ ಹಿಮಗಾಳಿಗೆ ಸಿಕ್ಕು ಒಂಬತ್ತು ಮಂದಿ ತೀರಿಕೊಂಡದ್ದನ್ನು ನಾವು ಮರೆತಿಲ್ಲ. ಅಂದು ಉಳಿದವರನ್ನು ತರಲು ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋದವು. ಅದು ನಮ್ಮ ದೇಶ. ನೇಪಾಳದಲ್ಲಿ ಬರುವುದು ಸಾಮಾನ್ಯವಾಗಿ ಖಾಸಗಿ ಹೆಲಿಕಾಪ್ಟರ್, ಹಣ ಯಾರು ಕೊಡುತ್ತಾರೆ ಎಂಬುದು ಅದರ ಮೊದಲ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ನಮ್ಮ ಕ್ಯಾಮೆರಾಮನ್ ಒಬ್ಬರು ರಾತ್ರಿ ಕೆಮ್ಮಿ ಕೆಮ್ಮಿ ತುಟಿ ನೀಲಿಗಟ್ಟಿದರು. ವಿಮೆ ಇತ್ತು. ಆದರೆ ಹೆಲಿಕಾಪ್ಟರ್ ಕರೆಯುವ ಮುನ್ನ ಕಂಪನಿಯ ಅನುಮತಿ ಪಡೆದಿರಬೇಕೆಂಬ ಷರತ್ತನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ತಂಡದವರೆಲ್ಲ ಜೇಬು ಬರಿದು ಮಾಡಿ ಅವರನ್ನು ಕಠ್ಮಂಡುವಿಗೆ ಇಳಿಸಿದೆವು. ಅವರು ಉಳಿದರು. ಹಣ ಬರಲಿಲ್ಲ. ತಪ್ಪು ನಮ್ಮದೂ ಇತ್ತು.

ನೇಪಾಳದ ಮಟ್ಟಿಗೆ ಇನ್ನೊಂದು ಮೋಸವುಂಟು. ಪಾಸ್‌ಪೋರ್ಟ್ ಬೇಡ, ಮತದಾರರ ಚೀಟಿ ಸಾಕು ಎಂದಾಗ ಅದು ಪರದೇಶವೆಂಬುದೇ ಮರೆತುಹೋಗುತ್ತದೆ. ಊರಿನಲ್ಲಿ ಮಾಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಗಡಿಯಲ್ಲೇ ನಿಂತುಬಿಡುತ್ತದೆ.

ಹೊರೆ ಹೊರುವವರ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪಾತದಲ್ಲಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಸರ್ಕಾರ ಮೊದಲು ಘೋಷಿಸಿದ ನೆರವು ತಲಾ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಪ್ರತಿಭಟಿಸಿದ ಮೇಲೆ ಅವರ ಕನಿಷ್ಠ ವಿಮೆಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ದಳವಾಯಿಯ ಸೈನಿಕರು ಬಾಗಿಲಲ್ಲಿ ಕೂತದ್ದು ಇಂಥದಕ್ಕೇ.

ಈಚೆಗೆ ನಮ್ಮ ಅಕ್ಕನ ಮಗ ಎವರೆಸ್ಟ್ ತಳಶಿಬಿರಕ್ಕೆ ಹೊರಡುತ್ತೇನೆಂದು ಬಂದ. ಪಾಲಿಸಿ ತೋರಿಸು ಎಂದೆ.

“ಟ್ರೆಕ್ಕಿಂಗ್ ಸೇರಿದೆ ಮಾವ, ಇಲ್ಲೇ ಬರೆದಿದ್ದಾರೆ ನೋಡಿ” ಎಂದ.

ಬರೆದಿದ್ದರು, ನಿಜ. ಹನ್ನೊಂದನೆಯ ಪುಟದಲ್ಲಿ 4,500 ಮೀಟರ್‌ವರೆಗೆ ಎಂದೂ ಬರೆದಿದ್ದರು. ನಕ್ಷೆ ಹರಡಿ ಇಬ್ಬರೂ ಕೂತೆವು. ದಿಂಗ್‌ಬೋಚೆ ಎಂಬ ಹಳ್ಳಿ 4,410 ಮೀಟರ್, ಮುಂದಿನ ತಂಗುದಾಣ ಲೋಬುಚೆ 4,940. ಎರಡರ ನಡುವೆ ಎಲ್ಲೋ ಒಂದು ಕಡೆ ಅವನ ವಿಮೆ ಮುಗಿಯುತ್ತಿತ್ತು. ಅಲ್ಲಿಂದಾಚೆ ಅವನದು ಮುಹಮ್ಮದ್ ಅಲಿಯನ್ನು ನಂಬಿದ ನಡಿಗೆ.

ಹುಡುಗ ಪಾಲಿಸಿ ಬದಲಾಯಿಸಿದ. ಆರು ಸಾವಿರ ಮೀಟರ್‌ವರೆಗಿನದು, ದರ ಸ್ವಲ್ಪ ಹೆಚ್ಚು. ಹೆಲಿಕಾಪ್ಟರಿಗೆ ಯಾರ ಅನುಮತಿ ಬೇಕು, ನಡುರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ತನ್ನ ಹೊರೆ ಹೊರುವವನಿಗೆ ಏಜೆನ್ಸಿಯವರು ಎಷ್ಟು ವಿಮೆ ಮಾಡಿಸಿದ್ದಾರೆ ಎಂದು ಬರವಣಿಗೆಯಲ್ಲಿ ಕೇಳಿದ್ದಾನೆ. ಮೊದಲ ಎರಡಕ್ಕೆ ಉತ್ತರ ಬಂದಿದೆ. ಮೂರನೆಯದಕ್ಕೆ ಇನ್ನೂ ಕಾಯುತ್ತಿದ್ದಾನೆ.